ನೀರೊಳಗಿನ ಎಂಜಲು

ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ಗಾಳಿಸೇವನೆಗೆ ಬರುತ್ತಿದ್ದ ನಿವೃತ್ತ ಮಹನೀಯರಿಗೆ ಅರುವತ್ತೆರಡನೆಯ ಇಸವಿಯ ಚಳಿಗಾಲದಲ್ಲಿ ಚೀನಾ ಯುದ್ಧಕ್ಕಿಂತ ರುಚಿಯಾದ ವಿಷಯವೊಂದು ಸಿಕ್ಕಿತ್ತು. ಅಗ್ರಹಾರದ ಪುಟ್ಟಣ್ಣನವರ ಮಗಳು, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿದ್ದ ಚೂಡಾಮಣಿ, ಅಪ್ಪನ ಹಳೆಯ ಪೈಜಾಮ ಜುಬ್ಬವನ್ನು ಮೈಗೆ ಬಿಗಿಯಾಗುವಂತೆ ಹೊಲಿದುಕೊಂಡು, ಕಣ್ಣು ಮೂಗು ಮುಚ್ಚುವ ಗಾಜಿನ ಮುಖವಾಡ ಕಟ್ಟಿಕೊಂಡು, ಬಾಯಲ್ಲಿ ಬಾಗಿದ ಕೊಳವೆಯೊಂದನ್ನು ಕಚ್ಚಿಕೊಂಡು ಕೆರೆಯಲ್ಲಿ ಬೋರಲಾಗಿ ತೇಲುತ್ತಿದ್ದಳು. ಮೊದಲನೆಯ ದಿನ ಯಾರೋ ಹೆಣವೆಂದು ತಿಳಿದು ಪೊಲೀಸರಿಗೆ ಹೇಳಿಕಳಿಸಿದರು. ಪೇದೆ ಏದುಸಿರು ಬಿಡುತ್ತ ಸೈಕಲ್ಲಿನಲ್ಲಿ ಬಂದಾಗ ಹೆಣ ತಲೆ ಎತ್ತಿ, ಕೊಳವೆಯಿಂದ ಪಿಚಕ್ಕನೆ ನೀರು ಚಿಮ್ಮಿಸಿ, ಏನಾಗಬೇಕಿತ್ತು ಎಂದು ಕೇಳಿತು.

ಏರಿಯ ಮೇಲಿನ ಮಾತೆಲ್ಲ ಚೂಡಾಮಣಿಗೆ ಕೇಳಿಸುತ್ತಿತ್ತು. ಪುಟ್ಟಣ್ಣ ಮಗಳಿಗೆ ಸದರ ಕೊಟ್ಟುಬಿಟ್ಟಿದ್ದಾರೆ ಎಂಬುದೂ, ಇವಳನ್ನು ಯಾರು ಮದುವೆಯಾಗುತ್ತಾರೆ ಎಂಬುದೂ, ಯಾರಾದರೂ ಬೆಸ್ತರ ಹುಡುಗನೇ ಆಗಬೇಕು ಎಂಬುದೂ, ಅದಕ್ಕೆ ಬಿದ್ದ ನಗುವೂ. ಕೊಳವೆ ಕಚ್ಚಿಕೊಂಡು ತೇಲುವ ಈ ಸ್ನಾರ್ಕೆಲಿಂಗ್ ಎನ್ನುವುದರ ಕಷ್ಟವೇ ಅದು. ಮುಖ ಮಾತ್ರ ನೀರಿನಲ್ಲಿ, ಬೆನ್ನು ಮೈಸೂರಿನಲ್ಲೇ ಇರುತ್ತದೆ. ಕೆಳಗೆ ಪಾಚಿಯ ನಡುವೆ ಮೀನೊಂದು ಮರಿಗಳನ್ನು ಮೇಯಿಸಿಕೊಂಡು ಹೋಗುವುದು ಕಾಣುತ್ತದೆ. ಉಸಿರು ಕಟ್ಟಿ ಅದರ ಹಿಂದೆ ಮುಳುಗಿದರೆ, ಕಣ್ಣು ಅದರ ಮೇಲೆ ನಿಲ್ಲುವಷ್ಟರಲ್ಲಿ ಎದೆ ಒದ್ದಾಡಿ ಮೇಲಕ್ಕೆ ಎಳೆದುಬಿಡುತ್ತದೆ. ಮೇಲೆ ಬಂದರೆ ಮತ್ತೆ ಅದೇ ಮಹನೀಯರು.

ಅವಳಿಗೆ ಬೇಕಾಗಿದ್ದದ್ದು ಕೆಳಗೆ ಇರುವುದು. ಹೋಗಿಬರುವುದಲ್ಲ, ಇರುವುದು. ವರ್ಷಗಟ್ಟಲೆ ಅವಳು ಫಾರ್ಮಲಿನ್ ಸೀಸೆಗಳಲ್ಲಿ ಉಪ್ಪಿನಕಾಯಿ ಹಾಕಿದಂತಿದ್ದ ನಕ್ಷತ್ರಮೀನುಗಳನ್ನು ಬೋರ್ಡಿನ ಮೇಲೆ ಬರೆದು ಹುಡುಗಿಯರಿಗೆ ಪಾಠ ಹೇಳಿದ್ದಳು. ಆ ಮೀನಿನ ತೋಳುಗಳ ಕೆಳಗಿನ ಸಣ್ಣ ಪಾದಗಳು ನಡೆಯುವುದು ಹೇಗೆ ಎಂದು ಒಬ್ಬ ಹುಡುಗಿ ಕೇಳಿದಾಗ, ಪುಸ್ತಕದಲ್ಲಿದ್ದುದನ್ನು ಹೇಳಿ, ತಾನು ನೋಡಿಲ್ಲವಲ್ಲ ಎಂದು ಇಡೀ ದಿನ ಮೈ ಪರಚಿಕೊಳ್ಳುವಂತೆ ಆಗಿತ್ತು. ನೋಡದೆ ಪಾಠ ಹೇಳುವುದು ಸುಳ್ಳು ಹೇಳಿದ ಹಾಗೆಯೇ ಎಂದು ಅವಳ ವಾದ. ಈ ವಾದಕ್ಕೆ ಇಲಾಖೆಯಲ್ಲಿ ಯಾರೂ ಸೊಪ್ಪು ಹಾಕಿರಲಿಲ್ಲ.

ಆ ವರ್ಷ ಇಲಾಖೆಗೆ ವಿದೇಶದಿಂದ ಒಂದು ಮರದ ಪೆಟ್ಟಿಗೆ ಬಂದಿತ್ತು. ಸಮುದ್ರ ಸಂಶೋಧನೆಗೆಂದು ಯಾವುದೋ ಸಂಸ್ಥೆ ಕಳಿಸಿದ್ದ ಸಾಮಾನು: ಚೂಡಾಮಣಿ ಆಗಲೇ ಕೆರೆಗೆ ಒಯ್ಯತೊಡಗಿದ್ದ ಮುಖವಾಡ, ಸ್ನಾರ್ಕೆಲ್ ಕೊಳವೆಗಳು, ಬಾತುಕೋಳಿಯ ಪಾದದಂಥ ರಬ್ಬರಿನ ಚಪ್ಪಲಿಗಳು, ಬೆನ್ನಿಗೆ ಕಟ್ಟಿಕೊಳ್ಳುವ ಎರಡು ಗಾಳಿ ಸಿಲಿಂಡರುಗಳು. ಒಂದೊಂದು ಸಿಲಿಂಡರಿನ ತಲೆಯ ಮೇಲೆ ಡಬ್ಬಿಯಂಥದೊಂದು, ಅದರಿಂದ ಹೆಗಲ ಮೇಲೆ ಹಾದು ಬಾಯಿಗೆ ಬರುವ ಎರಡು ರಬ್ಬರಿನ ನಾಳ, ನಾಳಗಳು ಕೂಡುವಲ್ಲಿ ಹಲ್ಲಲ್ಲಿ ಕಚ್ಚಿಕೊಳ್ಳುವ ಮೌತ್‌ಪೀಸು. ಮಾಘ ಕಳೆದ ಮೇಲೆ ಕಾರವಾರದ ಹತ್ತಿರ ಶಿಬಿರ. ಸ್ನಾರ್ಕೆಲಿನವರು ದಡದ ಬಂಡೆಗಳ ಸುತ್ತ ನೋಡಿ ಬರುವುದು, ಸಿಲಿಂಡರು ಕಟ್ಟಿದ ಇಬ್ಬರು ಆಳಕ್ಕೆ ಇಳಿಯುವುದು. ಇಲಾಖೆಯ ಮುಖ್ಯಸ್ಥ ಪ್ರೊಫೆಸರ್ ಕೃಷ್ಣಪ್ಪ ಎಲ್ಲರನ್ನೂ ಕೂರಿಸಿಕೊಂಡು ಇದನ್ನೆಲ್ಲ ವಿವರಿಸಿ, ಕೊನೆಗೆ ಚೂಡಾಮಣಿಯ ಕಡೆ ತಿರುಗಿ ಮುಗುಳ್ನಕ್ಕರು.

"ನಿಮಗೆ ಸ್ನಾರ್ಕೆಲ್ ಇದೆಯಲ್ಲಮ್ಮ, ಸಾಕು. ಮೇಲಿಂದ್ಲೂ ಎಲ್ಲಾ ಕಾಣುತ್ತೆ."

"ಮೇಲಿಂದ ಕಂಡಿದ್ದು ಸಾಕಾಗಿದೆ ಸಾರ್. ನಾನು ಇಳೀತೀನಿ."

"ಆ ಸಿಲಿಂಡರು ಹೊರೋಕಾಗುತ್ತೇನಮ್ಮ ನಿಮ್ಮ ಕೈಲಿ?"

"ನಮ್ಮನೇಲಿ ದಿನಾ ಬಾವಿಯಿಂದ ಸೇದಿ ಹಂಡೆ ತುಂಬಿಸೋರು ಯಾರು ಅಂದ್ಕೊಂಡಿದೀರಿ ಸಾರ್?"

ಕೃಷ್ಣಪ್ಪನವರು ಕೆಟ್ಟವರಲ್ಲ. ಕೆಟ್ಟ ಹೆಸರು ಬಂದೀತೆಂದು ಹೆದರುವವರು, ಅಷ್ಟೇ. ಚೆಲುವರಾಜು ಪರೀಕ್ಷೆ ಮಾಡಲಿ, ತೇರ್ಗಡೆಯಾದರೆ ನೋಡೋಣ ಎಂದು ಕೈತೊಳೆದುಕೊಂಡರು. ಇವಳು ಒಂದು ವಾರದಲ್ಲಿ ಕೈ ಚೆಲ್ಲುತ್ತಾಳೆಂದು ಅವರ ಎಣಿಕೆ.

ಚೆಲುವರಾಜು ನೌಕಾಪಡೆಯಲ್ಲಿ ಮುಳುಗುಗಾರನಾಗಿದ್ದು ಪಿಂಚಣಿ ಪಡೆದು ಊರಿಗೆ ಮರಳಿದ್ದ ದೈತ್ಯ. ನೀರಿನ ಒತ್ತಡಕ್ಕೆ ಒಂದು ಕಿವಿ ಮಂದವಾಗಿದ್ದುದರಿಂದ ಎಲ್ಲವನ್ನೂ ಕೂಗಿಯೇ ಹೇಳುತ್ತಿದ್ದ. ಅವನ ಪಾಠಶಾಲೆ ಚಾಮುಂಡಿಬೆಟ್ಟದ ತಪ್ಪಲಿನ ಹಳೆಯ ಕಲ್ಲುಕ್ವಾರಿ. ಕಲ್ಲು ತೆಗೆಯುವುದನ್ನು ನಿಲ್ಲಿಸಿ ವರ್ಷಗಳಾಗಿ, ಗುಂಡಿಯಲ್ಲಿ ಊಟೆ ನೀರು ತುಂಬಿ, ಹಸುರು ಗಾಜಿನ ಹಾಗೆ ತಿಳಿಯಾಗಿ ನಿಂತಿತ್ತು. ಅಂಚಿನಲ್ಲಿ ಗಾಳಿ ತುಂಬುವ ಯಂತ್ರ ರಾಗಿ ಮಿಲ್ಲಿನಂತೆ ಗಡಗಡಿಸುತ್ತಿತ್ತು.

ಮೊದಲ ಸಲ ಸಿಲಿಂಡರು ಕಟ್ಟಿ ಕೆಳಗಿಳಿದ ದಿನವನ್ನು ಚೂಡಾಮಣಿ ಸಾಯುವವರೆಗೆ ಮರೆಯುವಂತಿರಲಿಲ್ಲ. ದಡದಲ್ಲಿ ಬೆನ್ನು ಮುರಿಯುತ್ತಿದ್ದ ಭಾರ ನೀರಿಗೆ ಬಿದ್ದ ಕೂಡಲೇ ಮಾಯವಾಯಿತು. ಕಿವಿ ನೋಯುತ್ತಿತ್ತು. ಹೇಳಿಕೊಟ್ಟಂತೆ ಮೂಗು ಅದುಮಿ ಊದಿದಾಗ ಟಿಕ್ ಎಂದು ಬಿಟ್ಟಿತು. ಅಭ್ಯಾಸಬಲದಿಂದ ಉಸಿರು ಕಟ್ಟಿಕೊಂಡೇ ಇದ್ದಳು. ಇನ್ನು ಆಗದು, ಮೇಲೆ ಹೋಗಲೇಬೇಕು ಎನ್ನಿಸಿದಾಗ ಧೈರ್ಯ ಮಾಡಿ ಎಳೆದುಕೊಂಡಳು. ಗಾಳಿ ಬಂತು. ತಣ್ಣಗೆ, ರಬ್ಬರಿನ ವಾಸನೆಯ ಗಾಳಿ. ಬಿಟ್ಟಳು, ಗುಳುಗುಳು ಎಂದು ಹಿಂದಿನಿಂದ ಹೊರಟುಹೋಯಿತು. ಮತ್ತೆ ಎಳೆದಳು, ಮತ್ತೆ ಬಂತು. ತಳದಲ್ಲಿ ಯಾರೋ ಅರ್ಧ ಕಡಿದು ಬಿಟ್ಟುಹೋದ ಕಂಬದ ಕಲ್ಲಿತ್ತು. ಅದರ ಮೇಲೆ, ಮನೆಯ ಜಗುಲಿಯ ಮೇಲೆ ಕೂತಂತೆ ಕೂತಳು. ಬೆರಳುದ್ದದ ಮೀನುಗಳು ಬಂದು ಅವಳ ಮೊಣಕಾಲನ್ನು ಮೂಸಿ ನೋಡಿದವು, ಅವಳೂ ಅವನ್ನು ಸಾವಕಾಶವಾಗಿ ನೋಡಿದಳು. ಯಾರೂ ಕರೆಯುವಂತಿರಲಿಲ್ಲ. ಕರೆದರೂ ಕೇಳುವಂತಿರಲಿಲ್ಲ. ಹುಟ್ಟಿದಾಗಿನಿಂದ ಇಷ್ಟು ಹೊತ್ತು ಯಾರೂ ತನ್ನನ್ನು ಏನೂ ಅನ್ನದೆ ಬಿಟ್ಟಿರಲಿಲ್ಲ ಎಂದು ಅವಳಿಗೆ ಹೊಳೆದು, ಮುಖವಾಡದೊಳಗೇ ನಗು ಬಂತು.

ಮೇಲೆ ಬಂದವಳು ಮುಖವಾಡ ಕಿತ್ತು, "ಇದರ ಮುಂದೆ ಸ್ನಾರ್ಕೆಲ್ ಅನ್ನೋದು ಕಿಟಕೀಲಿ ಇಣುಕಿದ ಹಾಗೆ," ಎಂದಳು.

"ಆ ಕಿಟಕೀನ ಹಗುರವಾಗಿ ಮಾತಾಡ್ಬೇಡಿ ಕಣಮ್ಮ," ಎಂದು ಚೆಲುವರಾಜು ಕೂಗಿದ. "ಕೊಳವೆ ಕಚ್ಕೊಂಡ್ರೆ ನಿಮಗೆ ಯಾರ ಹಂಗೂ ಇಲ್ಲ. ತಲೆ ಎತ್ತಿದ್ರೆ ಗಾಳಿ. ಇಲ್ಲಿ ಅಂಗಲ್ಲ. ಕೆಳಗೆ ಗಾಳಿ ನಿಂತೋಯ್ತು ಅಂದ್ರೆ, ನಿಮ್ಮ ಪಕ್ಕದೋರ ಬಾಯಲ್ಲಿರೋದೇ ನಿಮ್ಮ ಉಸಿರು. ಅವರು ಎರಡು ಉಸಿರು ಎಳ್ಕೊಂಡು ನಿಮಗೆ ಕೊಡ್ಬೇಕು, ನೀವು ಎರಡು ಎಳ್ಕೊಂಡು ವಾಪಸ್ ಕೊಡ್ಬೇಕು. ಅಂಗೇ ಹಂಚ್ಕೊಂಡು ಮೇಲಕ್ಕೆ ಬರ್ಬೇಕು. ಇದೇ ನನ್ನ ಪರೀಕ್ಷೆ. ಇದು ಬರ್ದೇ ಇದ್ರೆ ಸಮುದ್ರಕ್ಕೆ ನಾನು ಬುಡಾಕಿಲ್ಲ."

ಅವಳ ಜೋಡಿ ಸಿದ್ದರಾಜು. ಕಡಕೊಳದ ರೈತರ ಮನೆಯ ಹುಡುಗ, ಎಂಎಸ್ಸಿಯಿಂದಲೂ ಅವಳ ಜೊತೆ ಓದಿದವನು, ಈಗ ಅವಳಂತೆಯೇ ಡೆಮಾನ್‌ಸ್ಟ್ರೇಟರ್. ಒಂದೇ ತಟ್ಟೆಯಲ್ಲಿ ಕಪ್ಪೆ ಕೊಯ್ದವರು ಅವರು. ಜಗಳವಾಡಿ ಮಾತು ಬಿಟ್ಟು ಮತ್ತೆ ತಾವೇ ಮಾತಾಡಿಸಿಕೊಂಡವರು. ಇಲಾಖೆಯಲ್ಲಿ ಎಲ್ಲರೂ ಇವಳ ಹುಚ್ಚಿಗೆ ನಕ್ಕಾಗ, ತಾನೂ ಇಳಿಯುತ್ತೇನೆ ಎಂದು ಮುಂದೆ ಬಂದವನು ಅವನೊಬ್ಬನೇ.

ಇಬ್ಬರೂ ಕಂಬದ ಕಲ್ಲಿನ ಬಳಿ ಎದುರುಬದುರು ಮಂಡಿಯೂರಿದರು. ಗಾಳಿ ನಿಂತಿತೆಂಬಂತೆ ಚೂಡಾಮಣಿ ಕತ್ತಿನ ಮೇಲೆ ಕೈ ಆಡಿಸಿ ಸನ್ನೆ ಮಾಡಿ ತನ್ನ ಮೌತ್‌ಪೀಸು ತೆಗೆದಳು. ಸಿದ್ದರಾಜು ತನ್ನದನ್ನು ಬಾಯಿಂದ ತೆಗೆದು ಅವಳ ಕೈಗೆ ಕೊಟ್ಟ. ಅವಳು ತೆಗೆದುಕೊಂಡು, ಹೆಬ್ಬೆರಳಿನಿಂದ ಅದನ್ನು ಒಂದು ಸಲ ಒರೆಸಿ, ಬಾಯಿಗಿಟ್ಟುಕೊಂಡಳು.

ಒರೆಸಿದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಅವನ ಕಣ್ಣು ನೋಡಿದಾಗ ಗೊತ್ತಾಯಿತು. ಅವಳು ವಾಪಸು ಕೊಡಲು ಹೋದರೆ ಅವನು ಬೇಡವೆಂದು ತಲೆಯಾಡಿಸಿ, ಇದ್ದ ಉಸಿರನ್ನು ಗುಳ್ಳೆ ಗುಳ್ಳೆಯಾಗಿ ಬಿಡುತ್ತ, ಅವಳನ್ನೂ ತೋಳು ಹಿಡಿದು ಎಳೆದುಕೊಂಡು ಸೀದಾ ಮೇಲೆ ಬಂದ.

ಬಂಡೆಯ ಮೇಲೆ ಕೂತು ಅವನು ಕಾಲಿನ ರಬ್ಬರಿನ ಚಪ್ಪಲಿ ಬಿಚ್ಚಿದ.

"ಒರೆಸಿದ್ರಿ," ಎಂದ.

"ಅದೇನೋ ಕೈ..."

"ಸುತ್ತ ನೀರು ಕಣ್ರೀ. ನಲವತ್ತಡಿ ನೀರು. ಅಲ್ಲಿ ನನ್ನ ಎಂಜಲು ಎಲ್ಲಿ ಉಳಿದಿತ್ತು, ಒರೆಸೋಕೆ?" ಅವನ ದನಿ ಏರಲಿಲ್ಲ. "ನಿಮ್ಮ ಮನೇಲಿ ನಂಗೆ ಕಾಫಿ ಕೊಡೋ ಲೋಟ ಬೇರೆ. ಅದನ್ನ ಕಿಟಕಿ ಮೇಲೆ ಬೋರಲು ಹಾಕಿಡ್ತಾರೆ. ಗೊತ್ತು ನಂಗೆ. ನಿಮ್ಮಜ್ಜಿ ಹಳೇಕಾಲದೋರು, ಇರ್ಲಿ ಅಂತ ಕುಡಿದು ಬಂದಿದೀನಿ. ನಿಮ್ಮ ಕೈಗೆ ಎಷ್ಟು ವಯಸ್ಸು ಚೂಡಾಮಣಿ ಅವರೇ? ನಾನು ನಿಮ್ಮ ಜೋಡಿ ಇಳಿಯಲ್ಲ. ನೀವು ಕೊಳವೆ ಕಚ್ಕೊಂಡು ತೇಲ್ಕೊಂಡಿರಿ. ಅದು ನಿಮ್ಮದೊಬ್ಬರದೇ, ಮಡಿ ಕೆಡಲ್ಲ."

ಲೋಟದ ವಿಷಯ ಅವನಿಗೆ ಗೊತ್ತಿಲ್ಲವೆಂದೇ ಇಷ್ಟು ವರ್ಷ ಅವಳು ನಂಬಿಕೊಂಡಿದ್ದಳು. ಗೊತ್ತಿಲ್ಲವೆಂದು ನಂಬುವುದು ಅನುಕೂಲವಾಗಿತ್ತು.

ಅಂದು ಉಪಕರಣ ತೊಳೆದು ಒಣಗಿಸುವ ಸರದಿ ಅವಳದು. ತನ್ನ ಸಿಲಿಂಡರಿನ ಡಬ್ಬಿಯನ್ನೂ ನಾಳಗಳನ್ನೂ ಬಿಚ್ಚಿ ಚೀಲದಲ್ಲಿ ಹಾಕಿಕೊಂಡು ಮನೆಗೆ ಬಂದವಳು ಸೀದಾ ಹಿತ್ತಲಿಗೆ ಹೋಗಿ ಅಜ್ಜಿಯ ಮೇಲೆ ಹರಿಹಾಯ್ದಳು. ಸುಂದರಮ್ಮ ತುಳಸಿಕಟ್ಟೆಯ ಬಳಿ ಕೂತು ಬತ್ತಿ ಹೊಸೆಯುತ್ತಿದ್ದರು. ಕೆಂಪು ಸೀರೆಯ ಮಡಿ ಹೆಂಗಸು. ತಾಯಿಯಿಲ್ಲದ ಈ ಮೊಮ್ಮಗಳನ್ನು ಸಾಕಿ, ಓದಿಸಲು ಮಗನ ಜೊತೆ ಜಗಳವಾಡಿ, ಕಾಲೇಜಿಗೆ ಕಳಿಸಿದವರೂ ಅವರೇ. ಮಗ ಪುಟ್ಟಣ್ಣ ಅರಮನೆಯ ಪುಸ್ತಕ ಭಂಡಾರದಲ್ಲಿದ್ದವರು. ಮನೆಯಲ್ಲಿ ಬಾಯಿ ಬಿಡುವ ಅವಕಾಶ ಅವರಿಗೆ ಸಿಕ್ಕಿದ್ದೇ ಕಡಿಮೆ.

"ನೀನು ನಂಗೆ ಏನು ಕಲಿಸಿದೀಯಾ ಗೊತ್ತಾ? ನೀರಿನೊಳಗೂ ಎಂಜಲು ಒರೆಸೋದನ್ನ ಕಲಿಸಿದೀಯಾ!"

"ಯಾರ ಎಂಜಲೇ?" ಎಂದರು ಸುಂದರಮ್ಮ. ಬತ್ತಿ ಕೈಯಲ್ಲೇ ನಿಂತಿತ್ತು.

ಸಿಟ್ಟಿನಲ್ಲಿ ಅವಳು ಎಲ್ಲವನ್ನೂ ಹೇಳಿದಳು. ಒಂದೇ ಮೌತ್‌ಪೀಸನ್ನು ಇಬ್ಬರು ಬಾಯಲ್ಲಿಟ್ಟುಕೊಳ್ಳಬೇಕೆಂದು, ಆ ಇನ್ನೊಬ್ಬ ಸಿದ್ದರಾಜು ಎಂದು, ತಾನು ಮತ್ತೆ ಮಾಡುವವಳೇ ಎಂದು. ಹೇಳಿ ಊಟ ಮಾಡದೆ ಮಲಗಿದಳು.

ಬೆಳಗ್ಗೆ ಎದ್ದು ಬಂದರೆ ಬಚ್ಚಲುಮನೆಯಲ್ಲಿ ಹುಣಸೆಹಣ್ಣಿನ ವಾಸನೆ ಗಮ್ಮೆನ್ನುತ್ತಿತ್ತು. ಹಂಡೆಯೊಳಗೆ ಕೊತಕೊತ ಕುದಿಯುವ ನೀರಿನಲ್ಲಿ ಡಬ್ಬಿ, ನಾಳ, ಮೌತ್‌ಪೀಸು ಎಲ್ಲವೂ ಮೇಲೆ ಕೆಳಗೆ ಆಡುತ್ತಿದ್ದವು. ಪಕ್ಕದಲ್ಲಿ ಬೂದಿ, ಗೋಮೂತ್ರದ ತಂಬಿಗೆ, ಒಂದು ದರ್ಭೆಯ ಕಟ್ಟು. ಸುಂದರಮ್ಮ ಸೌಟಿನಿಂದ ತಿರುಗಿಸುತ್ತ ಕೂತಿದ್ದರು.

"ಅಜ್ಜೀ! ಏನು ಮಾಡಿಟ್ಟೆ ಇದು!"

"ಕೂಗಾಡಬೇಡ್ವೇ. ನಾನೇನು ಹೋಗಬೇಡ ಅಂದ್ನಾ? ಹೋಗು, ಮುಳುಗು. ಶುದ್ಧ ಮಾಡ್ಕೊಂಡು ಹೋಗು ಅಂತ ಅಷ್ಟೆ. ಹಿತ್ತಾಳೆಗೆ ಹುಣಸೆಹಣ್ಣು, ಕಂಚಿಗೆ ಬೂದಿ, ಬಟ್ಟೆಗೆ ನೀರು ಅಂತ ಇದೆ. ರಬ್ಬರಿಗೆ ಶಾಸ್ತ್ರದಲ್ಲಿ ಏನೂ ಹೇಳಿಲ್ಲ. ಅದಕ್ಕೇ ಎಲ್ಲಾ ಮಾಡಿದೆ."

ಚೂಡಾಮಣಿ ಚಿಮಟದಿಂದ ಒಂದೊಂದನ್ನೇ ಎತ್ತಿದಳು. ನಾಳ ಊದಿಕೊಂಡು, ಮಡಿಕೆ ಬಿದ್ದಲ್ಲೆಲ್ಲ ಬಾಯಿ ಬಿಟ್ಟಿತ್ತು. ಅಳಬೇಕೋ ನಗಬೇಕೋ ತಿಳಿಯದೆ ಅವಳು ಹಂಡೆಯ ಬಳಿಯೇ ಕುಕ್ಕರಿಸಿ ಕೂತಳು. ರಾತ್ರಿಯೆಲ್ಲ ಅಜ್ಜಿ ನಿದ್ದೆಗೆಟ್ಟು ಯೋಚಿಸಿ, ತನಗೆ ತಿಳಿದಷ್ಟು ದಾರಿಯಲ್ಲಿ ಮೊಮ್ಮಗಳ ಜೊತೆ ರಾಜಿಗೆ ಬಂದಿದ್ದರು. ಆ ರಾಜಿ ಹಂಡೆಯಲ್ಲಿ ಬೆಂದುಹೋಗಿತ್ತು.

ಇಲಾಖೆಗೆ ತಂದು ತೋರಿಸಿದಾಗ ಚೆಲುವರಾಜು ಡಬ್ಬಿಯ ಮುಚ್ಚಳ ತೆಗೆದು ಒಳಗಿನ ಅಂಟಾದ ರಬ್ಬರನ್ನು ಬೆರಳಲ್ಲಿ ಒತ್ತಿ ನೋಡಿ, ಮೂಸಿ, "ಸಾರು ಮಾಡ್ಬುಟ್ಟವ್ರಲ್ಲಮ್ಮ," ಎಂದ. "ಒಗ್ಗರಣೆ ಒಂದು ಬಾಕಿ."

ಕೃಷ್ಣಪ್ಪನವರಿಗೆ ಒಳಗೊಳಗೇ ಹಾಯೆನಿಸಿರಬೇಕು, ಮುಖ ಗಂಭೀರ ಮಾಡಿಕೊಂಡರು. "ಹೋಗ್ಲಿ ಬಿಡಿ. ಒಂದು ಸೆಟ್ ಉಳಿದಿದೆ, ಸಿದ್ದರಾಜು ಇಳೀಲಿ. ನೀವು ಸ್ನಾರ್ಕೆಲಲ್ಲೇ ಬನ್ನಿ. ಅದು ಕ್ಷೇಮ. ನೋಡೋರಿಗೂ ಲಕ್ಷಣವಾಗಿರುತ್ತೆ."

ಆ ಕೊನೆಯ ಮಾತು ಆಡದಿದ್ದರೆ ಅವಳು ಅಂದು ಸುಮ್ಮನಾಗಿಬಿಡುತ್ತಿದ್ದಳೋ ಏನೋ. ಲಕ್ಷಣವಂತೆ.

"ಒಂದು ಸಾಕು ಸಾರ್," ಎಂದಳು. "ಹೇಗಿದ್ದರೂ ಪರೀಕ್ಷೆ ಇರೋದು ಒಂದನ್ನ ಇಬ್ಬರು ಹಂಚ್ಕೊಳ್ಳೋದು. ದಡದಿಂದಲೇ ಹಂಚ್ಕೊಂಡು ಇಳೀತೀವಿ. ಆ ದಡದಿಂದ ಈ ದಡಕ್ಕೆ ತಳದಲ್ಲೇ ಬರ್ತೀವಿ. ಆಮೇಲೆ ಯಾರೂ ನನಗೆ ಕೊಳವೆ ತೋರಿಸಬಾರದು. ಕೆಟ್ಟ ಡಬ್ಬೀನ ನಾನೇ ರಿಪೇರಿ ಮಾಡಿಸ್ತೀನಿ."

ಕೃಷ್ಣಪ್ಪನವರು ಚೆಲುವರಾಜುವಿನ ಮುಖ ನೋಡಿದರು. ಅವನು ಗಲ್ಲ ತುರಿಸಿಕೊಂಡ. "ಆಯ್ತದೆ ಸಾರ್, ಹಗ್ಗ ಕಟ್ಟಿ ಇಳಿಸ್ತೀನಿ. ನಾನೂ ಮೇಲೆ ಕೊಳವೆ ಕಚ್ಕೊಂಡು ತೇಲ್ತಾ ನೋಡ್ಕೋತೀನಿ. ಆದ್ರೆ ಸಿದ್ದರಾಜು ಒಪ್ಬೇಕಲ್ಲ?"

ಸಿದ್ದರಾಜು ರಜೆ ಹಾಕಿ ಊರಿಗೆ ಹೋಗಿದ್ದ. ಅವಳು ನಂಜನಗೂಡಿನ ರೈಲು ಹತ್ತಿ ಕಡಕೊಳದಲ್ಲಿ ಇಳಿದು, ಕೇಳಿಕೊಂಡು ಅವನ ಮನೆಗೆ ಹೋದಳು. ಅವನು ಕೊಟ್ಟಿಗೆಯಲ್ಲಿ ಎತ್ತಿಗೆ ಹುಲ್ಲು ಹಾಕುತ್ತಿದ್ದ. ಅವಳನ್ನು ನೋಡಿ ಹುಲ್ಲು ಹಾಕುವುದನ್ನು ನಿಲ್ಲಿಸಲಿಲ್ಲ. ಅವನ ತಾಯಿ ಶಿವನಂಜಮ್ಮ ಚಾಪೆ ಹಾಸಿ ಕೂರಿಸಿ, ಯಾರ ಮಗಳು, ಏನು ಸಮಾಚಾರ ಎಂದು ವಿಚಾರಿಸಿದರು. ಅವಳು ಮುಚ್ಚುಮರೆಯಿಲ್ಲದೆ ಹೇಳಿದಳು.

"ಥೂ," ಎಂದರು ಶಿವನಂಜಮ್ಮ. "ಒಬ್ರು ಬಾಯಲ್ಲಿಕ್ಕಂಡಿದ್ನ ಇನ್ನೊಬ್ರು ಇಕ್ಕಳಾದಾ? ನಮ್ಮಲ್ಲೂ ಎಂಜ್ಲು ಎಂಜ್ಲೇ ಕಣವ್ವ. ನಿಮ್ಮಜ್ಜಿ ಬೇಯಿಸಿದ್ರೆ ತಪ್ಪೇನೈತೆ?"

ಕೊಟ್ಟಿಗೆಯಿಂದ ಸಿದ್ದರಾಜುವಿನ ನಗು ಕೇಳಿಸಿತು. ನಗಬಾರದೆಂದು ತಡೆದು, ಸೋತು ಬಂದ ನಗು. ಚೂಡಾಮಣಿ ಎದ್ದು ಅವನ ಬಳಿ ಹೋದಳು.

"ಕೈ ತಾನಾಗಿ ಒರೆಸ್ತು ಅಂತ ಹೇಳೋಕೆ ಬಂದಿಲ್ಲ. ನಾನೇ ಒರೆಸಿದ್ದು. ತಪ್ಪು."

"ಒರೆಸಿಸ್ಕೊಳ್ಳೋದು ನಂಗೆ ಹೊಸದಲ್ಲ. ನೀವು ಒರೆಸಿದ್ರಲ್ಲ, ಅದು ಹೊಸದು." ಅವನು ಎತ್ತಿನ ಬೆನ್ನ ಮೇಲೆ ಕೈಯಿಟ್ಟು ನಿಂತ. "ನೀವು ತಪ್ಪು ಅಂದ್ಬುಟ್ರೆ ನಾನು ಆಯ್ತು ಅಂದ್ಬುಡ್ಬೇಕಾ?"

"ಬೇಡ. ಅನ್ನಬೇಡಿ. ಇಳೀರಿ ಅಷ್ಟೆ. ನೀವು ಬರದಿದ್ದರೆ ನಾನು ಇಳಿಯೋಕಾಗಲ್ಲ. ಇನ್ನೊಬ್ಬರ ಜೊತೆ ಇಳೀಬಹುದು, ಆದರೆ ಇಳಿಯಲ್ಲ."

ಈ ಮಾತು ಬೇಡಿಕೆಯೋ ಜುಲುಮೆಯೋ ಅವಳಿಗೇ ತಿಳಿಯಲಿಲ್ಲ. ಕೇಳಿಕೊಳ್ಳುವುದು ಅವಳಿಗೆ ಎಂದೂ ಚೆನ್ನಾಗಿ ಬಂದಿರಲಿಲ್ಲ.

"ಬರ್ತೀನಿ," ಎಂದ ಅವನು ಕೊನೆಗೆ. "ಆದ್ರೆ ಇನ್ನೊಂದ್ಸಲ ಒರೆಸಿದ್ರೆ, ಅಲ್ಲೇ ಬುಟ್ಬುಟ್ಟು ಮೇಲಕ್ಕೆ ಬಂದ್ಬುಡ್ತೀನಿ."

ಪರೀಕ್ಷೆಯ ದಿನ ಭಾನುವಾರ. ಕ್ವಾರಿಯ ಅಂಚಿನಲ್ಲಿ ಇಲಾಖೆಗೆ ಇಲಾಖೆಯೇ ನೆರೆದಿತ್ತು. ಏರಿಯ ಮಹನೀಯರಲ್ಲೂ ಕೆಲವರು ಬೆಟ್ಟ ಹತ್ತುವ ನೆವದಲ್ಲಿ ಬಂದಿದ್ದರು. ಹೊಸದಾಗಿ ಕೊಂಡ ಟವಲು ಹೊದ್ದು ಚೂಡಾಮಣಿ ನಿಂತಿರುವಾಗ ಒಂದು ಜಟಕಾ ಬಂದು ನಿಂತಿತು. ಅದರಿಂದ ಸುಂದರಮ್ಮ ಇಳಿದರು. ಮಡಿ ಹೆಂಗಸು ಮನೆಯಿಂದ ಇಷ್ಟು ದೂರ, ಇಷ್ಟು ಗಂಡಸರ ನಡುವೆ ಬಂದದ್ದನ್ನು ಆ ಊರು ನೋಡಿರಲಿಲ್ಲ. ಕೈಯಲ್ಲಿ ಒಂದು ಬೆಳ್ಳಿ ಚೊಂಬು. ಯಾರನ್ನೂ ಮಾತಾಡಿಸದೆ, ಯಾರೂ ಸೋಂಕದಂತೆ ದೂರದ ಒಂದು ಬಂಡೆಯ ಮೇಲೆ ಕೂತರು.

"ಬೇಡ ಅನ್ನೋಕೆ ಬಂದ್ಯಾ?" ಎಂದು ಚೂಡಾಮಣಿ ಕೇಳಿದಳು.

"ಇಳಿಯೇ ಮೊದಲು. ಮುಳುಗಿ ಹೋದರೆ ನೋಡೋರು ಬೇಡ್ವಾ?"

ಇಳಿದರು. ಸಿಲಿಂಡರು ಸಿದ್ದರಾಜುವಿನ ಬೆನ್ನ ಮೇಲೆ, ಅವನ ಪಟ್ಟಿಯನ್ನು ಹಿಡಿದ ಅವಳ ಎಡಗೈ, ಇಬ್ಬರ ಸೊಂಟಕ್ಕೂ ಹಗ್ಗ. ಹಸುರು ಕಪ್ಪಾಗುತ್ತ ಬಂತು. ಅವನು ಎರಡು ಉಸಿರು ಎಳೆದು ಮೌತ್‌ಪೀಸು ತೆಗೆದು ಅವಳತ್ತ ಚಾಚಿದ. ಅವಳ ಹೆಬ್ಬೆರಳು ಹೊರಟಿತ್ತು. ಆ ಬೆರಳನ್ನು ಅವಳು ಕಣ್ಣಾರೆ ಕಂಡು, ಮಡಿಸಿ, ಮೌತ್‌ಪೀಸನ್ನು ಹಾಗೆಯೇ ಬಾಯಿಗಿಟ್ಟುಕೊಂಡಳು. ಅವನ ಬಾಯಿಯ ಬಿಸುಪು ರಬ್ಬರಿನಲ್ಲಿ ಇನ್ನೂ ಇತ್ತು. ಹೇಸಿಗೆಯಾಯಿತು. ಸುಳ್ಳೇಕೆ, ಆಯಿತು. ಹೇಸಿಗೆಯ ಜೊತೆಗೇ ಗಾಳಿಯೂ ಬಂತು, ಎದೆ ತುಂಬ. ಎದೆ ಆ ಎರಡರಲ್ಲಿ ಗಾಳಿಯನ್ನು ಆರಿಸಿಕೊಂಡಿತು.

ಅವಳು ವಾಪಸು ಕೊಟ್ಟಳು. ಸಿದ್ದರಾಜು ತೆಗೆದುಕೊಂಡ. ಅವಳ ಕಣ್ಣಲ್ಲೇ ಕಣ್ಣಿಟ್ಟು, ನಿಧಾನವಾಗಿ, ಹೆಬ್ಬೆರಳಿನಿಂದ ಅದನ್ನು ಒರೆಸಿದ. ಒಂದು ಸಲವಲ್ಲ, ಸುತ್ತಲೂ, ಮೂಲೆ ಮೂಲೆಯನ್ನೂ. ಆಮೇಲೆ ಬಾಯಿಗಿಟ್ಟುಕೊಂಡ.

ಚೂಡಾಮಣಿಗೆ ಮೈಯೆಲ್ಲ ಉರಿದುಹೋಯಿತು. ನಲವತ್ತಡಿ ತಣ್ಣೀರಿನಲ್ಲಿ ಕಿವಿ ಬಿಸಿಯಾಯಿತು. ತನ್ನ ಬಾಯಿ ಏನು ಗಟಾರವೇ? ತಾನು ಏನು ಮಾಡಿದ್ದೆ ಇವನಿಗೆ? ಕೇಳಿಕೊಂಡ ಕೂಡಲೇ ಉತ್ತರವೂ ಬಂತು. ಅವಳು ಹುಟ್ಟಿದ್ದು ಒರೆಸುವ ಕಡೆಯಲ್ಲಿ. ಒರೆಸಿಸಿಕೊಂಡರೆ ಹೀಗಿರುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಇವನು ಹೇಳದೆ ಎಷ್ಟು ವರ್ಷ ಕಾಫಿ ಕುಡಿದಿದ್ದ! ಬೇಕಿದ್ದರೆ ಅವಳು ಹಗ್ಗ ಜಗ್ಗಿ ಮೇಲೆ ಹೋಗಬಹುದಿತ್ತು. ಹೋಗಲಿಲ್ಲ. ಎದೆ ಒದ್ದಾಡತೊಡಗಿದರೂ ಅವನ ಎದುರಿಗೇ ನಿಂತು ಕೈ ಚಾಚಿದಳು.

ಅವನು ಕೊಟ್ಟ. ಅವಳು ಎಳೆದುಕೊಂಡು ವಾಪಸು ಕೊಟ್ಟಳು. ಈ ಸಲ ಅವನು ಒರೆಸಲಿಲ್ಲ. ಮುಂದೆ ಯಾವಾಗಲೋ ಯಾರು ಕೊಟ್ಟರು, ಯಾರು ತೆಗೆದುಕೊಂಡರು ಎಂಬ ಲೆಕ್ಕವೇ ತಪ್ಪಿತು. ಕಂಬದ ಕಲ್ಲು ಬದಿಯಲ್ಲಿ ಹಾದುಹೋಯಿತು, ಉಳಿಯ ಗುರುತುಗಳಿದ್ದ ಆಚೆಯ ಗೋಡೆ ಬಂತು. ಉಸಿರು ಬಿಡುತ್ತ ಬಿಡುತ್ತ ಮೇಲೇರಿದರು. ಮೇಲೆ ಚೆಲುವರಾಜು ಕೊಳವೆ ಕಚ್ಚಿಕೊಂಡು ದೊಡ್ಡ ಎಮ್ಮೆಯಂತೆ ತೇಲುತ್ತಿದ್ದವನು, ಇವರನ್ನು ನೋಡಿ ಕೊಳವೆಯೊಳಗೇ ಏನೋ ಕೂಗಿದ.

"ಪಾಸು!" ಎಂದು ದಡಕ್ಕೆ ಬಂದ ಮೇಲೆ ಅರ್ಥವಾಗುವಂತೆ ಕೂಗಿದ. "ಇಬ್ರೂ ಪಾಸು ಕಣ್ರಪ್ಪಾ!"

ಹುಡುಗಿಯರು ಚಪ್ಪಾಳೆ ತಟ್ಟಿದರು. ಕೃಷ್ಣಪ್ಪನವರೂ ಒಂದೆರಡು ಸಲ ತಟ್ಟಿದರು. ಚಪ್ಪಾಳೆ ನಿಂತ ಮೇಲೆ ಸುಂದರಮ್ಮ ಬಂಡೆಯಿಂದ ಎದ್ದು ಬಂದರು. ಜನ ತಾವಾಗಿಯೇ ದಾರಿ ಬಿಟ್ಟರು.

"ಬಾ ಮಗೂ," ಎಂದರು. ದನಿ ಮೆತ್ತಗಿತ್ತು. "ಕಾವೇರಿ ನೀರು ತಂದಿದೀನಿ. ಬಾಯಿ ಮುಕ್ಕಳಿಸಿ ಉಗಿದುಬಿಡು, ಅಲ್ಲಿಗೆ ಮುಗೀತು. ನಾನು ಏನೂ ಅನ್ನಲ್ಲ. ಸಮುದ್ರಕ್ಕೂ ಹೋಗು, ನಾನೇ ಅಕ್ಷತೆ ಹಾಕಿ ಕಳಿಸ್ತೀನಿ. ಅಲ್ಲಿಂದ ಬಂದ ಮೇಲೂ ಹಿಂಗೇ ಒಂದ್ಸಲ ಮುಕ್ಕಳಿಸಿಬಿಡು. ಅಷ್ಟೇ ನಾನು ಕೇಳೋದು."

ಅಜ್ಜಿ ಎಷ್ಟು ದೂರ ಬಂದಿದ್ದಾರೆಂದು ಚೂಡಾಮಣಿಗೆ ಗೊತ್ತಿತ್ತು. ಇದಕ್ಕಿಂತ ಮುಂದೆ ಒಂದು ಹೆಜ್ಜೆ ಇಡಲು ಅವರಿಂದಾಗದು ಎಂಬುದೂ ಗೊತ್ತಿತ್ತು. ಬಂಡೆಯ ಮೇಲೆ ಸಿದ್ದರಾಜು ಇವರಿಗೆ ಬೆನ್ನು ಹಾಕಿ ಕೂತು, ಹಿಂಡಿದ ಟವಲನ್ನೇ ಮತ್ತೆ ಮತ್ತೆ ಹಿಂಡುತ್ತಿದ್ದ. ಅವನಿಗೆ ಎಲ್ಲವೂ ಕೇಳಿಸುತ್ತಿತ್ತು.

ಅವಳು ಬೊಗಸೆಯೊಡ್ಡಿದಳು. ಸುಂದರಮ್ಮ ಮೇಲಿನಿಂದ ನೀರು ಹೊಯ್ದರು. ಅವಳು ಬಾಯಿ ತುಂಬಿಕೊಂಡಳು. ಅಜ್ಜಿಯ ಮುಖದ ಗಂಟುಗಳೆಲ್ಲ ಸಡಿಲಾಗಿ, ಚಿಕ್ಕಂದಿನಲ್ಲಿ ಔಷಧಿ ಕುಡಿಸಿದ ಮೇಲೆ ನೋಡುತ್ತಿದ್ದಂತೆ ನೋಡಿದರು. ಚೂಡಾಮಣಿ ಆ ಮುಖವನ್ನು ನೋಡುತ್ತಲೇ ನೀರನ್ನು ನುಂಗಿದಳು.

"ಉಗಿಯುವಂಥದ್ದು ಏನೂ ಇಲ್ಲ ಅಜ್ಜಿ," ಎಂದಳು.

ಟವಲು ಹಿಂಡುವ ಸದ್ದು ನಿಂತಿತ್ತು. ಸುಂದರಮ್ಮ ಚೊಂಬಿನಲ್ಲಿ ಉಳಿದ ನೀರನ್ನು ಅಲ್ಲೇ ಕಲ್ಲಿನ ಮೇಲೆ ಚೆಲ್ಲಿ, ಜಟಕಾದ ಕಡೆ ನಡೆದರು. ಹತ್ತಿಸಲು ಹೋದ ಮೊಮ್ಮಗಳ ಕೈಯನ್ನು ಹಿಡಿಯಲಿಲ್ಲ. ಗಾಡಿ ಬೆಟ್ಟದ ತಿರುವು ದಾಟುವವರೆಗೂ ಚೂಡಾಮಣಿ ಒದ್ದೆ ಬಟ್ಟೆಯಲ್ಲಿ ನಿಂತಿದ್ದು, ಆಮೇಲೆ ಮುಖ ಮುಚ್ಚಿಕೊಳ್ಳದೆ ಅತ್ತಳು.

ಕಾರವಾರಕ್ಕೆ ಹೊರಡುವ ದಿನ ಅಪ್ಪ ಹಾಸಿಗೆ ಸುರುಳಿಯನ್ನೂ ರಿಪೇರಿಯಾಗಿ ಬಂದಿದ್ದ ಡಬ್ಬಿ ನಾಳಗಳ ಚೀಲವನ್ನೂ ತಾವೇ ಜಟಕಾಗೆ ಏರಿಸಿದರು. ಅಜ್ಜಿ ದೇವರಮನೆಯಿಂದ ಹೊರಗೆ ಬರಲಿಲ್ಲ. ಚೂಡಾಮಣಿ ಹೊಸ್ತಿಲ ಬಳಿ ನಿಂತು ಕಾದಳು, ರೈಲಿಗೆ ಹೊತ್ತಾಗುವಷ್ಟು ಕಾದಳು. ಆಮೇಲೆ ಹೊರಟಳು.